ಮುಟ್ಟಬಾರದ ಕೈ

ತಾಲ್ಲೂಕಿನ ಆರೋಗ್ಯಾಧಿಕಾರಿಗಳಾದ ಮಾನ್ಯರೇ,

ತಮ್ಮ ಹುಕುಂ ನಮ್ಮೂರಿನಲ್ಲಿ ಚೆನ್ನಾಗಿ ಜಾರಿಯಾಗಿದೆ. ನನ್ನ ಮೊಮ್ಮಗ ಸತ್ತಿದ್ದಾನೆ.

ನಮ್ಮತ್ತೆಯ ಕಾಲದಲ್ಲಿ ಹಳ್ಳಿ ಹೆಂಗಸು ಎಲ್ಲಿ ಹೆರುತ್ತಾಳೆಂದು ಸರ್ಕಾರ ಕೇಳಿದ್ದಿಲ್ಲ. ಆಮೇಲೆ ಸೂಲಗಿತ್ತಿಯರು ಹೆಸರು ಬರೆಸಬೇಕೆಂದಿರಿ, ಬರೆಸಿದರು. ತರಬೇತಿಗೆ ಶಿಡ್ಲಘಟ್ಟಕ್ಕೆ ಬನ್ನಿ ಎಂದಿರಿ. ಹೋದವರನ್ನು ಓದು ಬಾರದೆಂದು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಿದಿರಿ. ಹೋದ ವರ್ಷ, ತರಬೇತಿ ಇಲ್ಲದವಳು ಬಸುರಿಯನ್ನು ಮುಟ್ಟಿದರೆ ಜೈಲು ಎಂದು ತಮಟೆ ಹೊಡೆಸಿದಿರಿ. ಎಷ್ಟು ಅಚ್ಚುಕಟ್ಟಾದ ಕೆಲಸ!

ಅದೇ ವರ್ಷದ ಕಾರ್ತೀಕದಲ್ಲಿ ನನ್ನ ಮಗಳು ಯಶೋದಮ್ಮನಿಗೆ ನೋವು ಬಂತು. ಅಳಿಯ ಕೋನಪ್ಪ ಗಾಡಿ ಕಟ್ಟಿಕೊಂಡು ನರ್ಸಮ್ಮನನ್ನು ಕರೆಯಲು ಹೋದ. ಆಕೆ ಬೇರೆ ಊರಿಗೆ ಹೆರಿಗೆ ಮಾಡಿಸಲು ಹೋಗಿದ್ದರು. ಆಕೆಯದೇನು ತಪ್ಪು? ಇಷ್ಟು ಹಳ್ಳಿಗೆ ಒಬ್ಬರನ್ನೇ ಕೊಟ್ಟವರು ತಾವು.

ನಮ್ಮೂರ ಸೂಲಗಿತ್ತಿ ಪೆದ್ದಮ್ಮ ಬಂದಳು. ಬಂದವಳು ಹೊಸಿಲಿನಾಚೆ ನಮಗೆ ಬೆನ್ನು ಮಾಡಿ ಕೂತಳು.

"ಮುಟ್ಟಂಗಿಲ್ಲ ಕಣಮ್ಮ, ತಮಟೆ ಹೊಡ್ಸವ್ರೆ. ನಾನ್ ಹೇಳ್ತೀನಿ, ನೀನ್ ಮಾಡು."

"ನಂಗೇನ್ ಗೊತ್ತೇ? ಒಳಕ್ ಬಾರೇ!"

"ಬತ್ತೀನಿ. ಜೈಲಿಗೆ ಮುದ್ದೆ ನೀನ್ ತತ್ತೀಯಾ?"

ರೇಷ್ಮೆ ಹುಳುವಿಗೆ ಸೊಪ್ಪು ಹಾಕುವ ಕೈ ನನ್ನದು. ಅವಳು ಗೋಡೆ ನೋಡುತ್ತಾ ಹೇಳಿದಳು, ನಾನು ಮಾಡಿದೆ. "ಕಾಲ್ ಬಂತಾ, ತಲೆ ಬಂತಾ?" ಎಂದಳು. ಕಾಲು ಎಂದೆ. "ಎಳೀಬ್ಯಾಡ, ಎಳೀಬ್ಯಾಡ ಕಣೇ" ಎಂದು ಅವಳು ತಿರುಗುವಷ್ಟರಲ್ಲಿ ಎಳೆದಾಗಿತ್ತು. ಮಗು ಅಳಲಿಲ್ಲ. ನನಗೂ ಅಳು ಬರಲಿಲ್ಲ, ಇವತ್ತಿಗೂ ಬಂದಿಲ್ಲ.

ಆಮೇಲೆ ತಮ್ಮ ಇನ್ಸ್‌ಪೆಕ್ಟರು ವಿಚಾರಣೆಗೆ ಬಂದರು. ಮುಟ್ಟಿದವರು ಯಾರು ಎಂದರು. ನಾನು ಎಂದೆ. ತರಬೇತಿ? ಇಲ್ಲ ಎಂದೆ. "ಮನೆಯವರಾದರೆ ಅಡ್ಡಿಯಿಲ್ಲ" ಎಂದು ಕಾಫಿ ಕುಡಿದು ಹೋದರು. ಅಂದರೆ ಏನೂ ತಿಳಿಯದ ಕೈ ತಮ್ಮ ಕಾನೂನಿಗೆ ಒಪ್ಪಿಗೆ, ಅಲ್ಲವೇ?

ಪೆದ್ದಮ್ಮನ ಕೈಯಲ್ಲಿ ಎಲ್ಲರೂ ಉಳಿದರೆಂದು ಸುಳ್ಳು ಹೇಳಲಾರೆ. ನನ್ನ ಎರಡನೆಯ ಮಗು ಅವಳ ಕೈಯಲ್ಲೇ ಹೋಯಿತು. ತರಬೇತಿ ಬೇಡವೆಂದು ನಾನೂ ಹೇಳುತ್ತಿಲ್ಲ. ಅದನ್ನು ಕೊಡದೆ, ಇದ್ದ ಸೂಲಗಿತ್ತಿಯನ್ನೂ ಕಿತ್ತುಕೊಂಡಿರಲ್ಲ, ಅದನ್ನು ಕೇಳುತ್ತಿದ್ದೇನೆ.

ಯಶೋದಮ್ಮ ಮತ್ತೆ ಬಸುರಿ. ಯುಗಾದಿ ಹೊತ್ತಿಗೆ ದಿನ ತುಂಬುತ್ತವೆ. ಅಷ್ಟರೊಳಗೆ ನಮ್ಮೂರಿನಲ್ಲೇ ಇರುವ ಒಬ್ಬ ನರ್ಸಮ್ಮನನ್ನು ಕೊಡಿ. ಆಗದಿದ್ದರೆ ಪೆದ್ದಮ್ಮನಿಗೆ ಓದು ಕೇಳದೆ ತರಬೇತಿ ಕೊಟ್ಟು ಅಪ್ಪಣೆ ಕೊಡಿ. ಎರಡೂ ಆಗದೆಂದರೆ ಹಾಗೆಂದೇ ತಿಳಿಸಿಬಿಡಿ. "ಅಮ್ಮ, ಈ ಸಲ ಯಾರು ಬತ್ತಾರೆ?" ಎಂದು ಮಗಳು ದಿನಾ ಕೇಳುತ್ತಾಳೆ. ಅವಳಿಗೆ ನಾನು ಏನಾದರೂ ಹೇಳಬೇಕಲ್ಲ.

ಇಂತಿ,
ಹೆಸರಿಡುವ ಮೊದಲೇ ಮೊಮ್ಮಗನನ್ನು ಮಣ್ಣಿಗೆ ಕೊಟ್ಟ ಅಜ್ಜಿ,
ಲಕ್ಷ್ಮೀನರಸಮ್ಮ
ದಿಬ್ಬೂರಹಳ್ಳಿ ಕಡೆಯವಳು