ಎರಡು ಹಾಸಿಗೆಯ ಹಾರ್ಮೋನಿಯಂ

ಸೋಮವಾರ, 3 ಜೂನ್

ಮತ್ತೆ ಅದೇ ಡಯಾಲಿಸಿಸ್ ವಾರ್ಡು. ಎಡಗೈಗೆ ಎರಡು ಸೂಜಿ. ರಕ್ತ ಮೆಷಿನ್‌ಗೆ ಹೋಗಿ ತೊಳೆದುಕೊಂಡು ಬರುವವರೆಗೆ ಅಲ್ಲಾಡುವಂತಿಲ್ಲ. ಇಷ್ಟು ವರ್ಷ ಬಸ್ ಓಡಿಸಿದ್ದೇನೆ, ಇಂಥ ಟ್ರಾಫಿಕ್ ಜಾಮ್ ಕಂಡಿಲ್ಲ.

ಪಕ್ಕದ ಹಾಸಿಗೆಗೆ ಸಂಗೀತದ ಟೀಚರ್ ಬಂದಿದ್ದಾರೆ. ಹಾರ್ಮೋನಿಯಂ ಸಮೇತ! ಏನು ಪ್ರಯೋಜನ, ತಿದಿ ಒತ್ತುವ ಎಡಗೈ ಅವರದ್ದೂ ಸೂಜಿಯ ಪಾಲು. ಬಲಗೈ ಬೆರಳು ಮಾತ್ರ ಕರಿಬಿಳಿ ಮನೆಗಳ ಮೇಲೆ ಸದ್ದಿಲ್ಲದೆ ಓಡಾಡುತ್ತಿತ್ತು.

"ನಾಡಿದ್ದಿಂದ ಗಾಳಿ ನಾನು ಹಾಕ್ಲಾ ಟೀಚರ್? ನನ್ನ ಬಲಗೈ ಖಾಲಿ ಇದೆ."

"ಹಾಕಿ. ಸಡನ್ನಾಗಿ ಬ್ರೇಕ್ ಹೊಡೀಬೇಡಿ, ಅಷ್ಟೆ."

ಶುಕ್ರವಾರ, 14 ಜೂನ್

ನನ್ನ ತಲೆದಿಂಬು ಈಗ ಕಾಲಿನ ಕಡೆ. ಹಾಗಾದರೇ ಇಬ್ಬರ ಬಲಗೈಯೂ ನಡುವಿನ ಟ್ರಾಲಿಯ ಹಾರ್ಮೋನಿಯಂಗೆ ಎಟುಕುವುದು. ಸಿಸ್ಟರ್ ಉಪಾಯ.

ನಿದ್ದೆಯೋ ಎಚ್ಚರವೋ... ಬಿಪಿ ಇಳಿಯುತ್ತದೆ, ಕಣ್ಣು ಮುಚ್ಚುತ್ತದೆ, ಕೈ ಮಾತ್ರ ಒತ್ತುತ್ತಲೇ ಇರುತ್ತದೆ. ಇವತ್ತು ಹಾಸಿಗೆಗಳೆಲ್ಲ ದೋಣಿಗಳಾಗಿ ಮೆಲ್ಲಗೆ ಹೊರಟಿದ್ದವು. ಮೂಲೆ ಹಾಸಿಗೆಯ ಅಜ್ಜ ದಿನದಂತೆ ಕಾಲು ಹಿಡಿದುಕೊಂಡಿತೆಂದು ಕಿರುಚಲಿಲ್ಲ, ಗುನುಗುತ್ತಿದ್ದರು.

ಸೂಜಿ ತೆಗೆಯುವಾಗ ಟೀಚರ್ ಅಂದರು — "ಈ ಡಯಾಲಿಸಿಸ್ ಸಾಕು, ನಿಲ್ಲಿಸಿಬಿಡೋಣ ಅಂತ ತೀರ್ಮಾನ ಮಾಡಿದ್ದೆ. ಈಗ ನಿಮ್ಮ ಗಾಳಿಗೋಸ್ಕರ ಬರ್ತಿದೀನಿ."

ಖುಷಿಯಾಯಿತು. ಹೆದರಿಕೆಯೂ ಆಯಿತು.

ಬುಧವಾರ, 10 ಜುಲೈ

ಟೆಸ್ಟ್ ಎಲ್ಲ ಮುಗಿಯಿತು. ತಂಗಿಯ ಕಿಡ್ನಿ ನನಗೆ ಹೊಂದುತ್ತದಂತೆ! ಮುಂದಿನ ಬುಧವಾರವೇ ಆಪರೇಷನ್. ನನ್ನ ಹೆಂಡತಿ ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ಅತ್ತೇ ಅತ್ತಳು. ತಂಗಿಗೆ ಮಾತ್ರ ತಮಾಷೆ — "ಅಣ್ಣಾ, ಸ್ಕೂಲಲ್ಲಿ ನಿನ್ನ ಪೆನ್ಸಿಲ್ ಎಲ್ಲ ಕದ್ದಿದ್ದೆನಲ್ಲ, ಇವತ್ತಿಗೆ ಚುಕ್ತಾ."

ಟೀಚರಿಗೆ ಹೇಳಲು ಬಾಯಿ ಬರಲಿಲ್ಲ.

ಸೋಮವಾರ, 15 ಜುಲೈ

ಹೇಳಿದೆ. "ತುಂಬಾ ಸಂತೋಷ ಡ್ರೈವರ್ ಸಾಹೇಬ್ರೇ" ಎಂದು ನಕ್ಕರು. ನಿಜವಾಗಿಯೇ ನಕ್ಕರು. ಒಂದಷ್ಟು ಹೊತ್ತು ನುಡಿಸಿ ಮೆಲ್ಲಗೆ — "ನಂದೂ ಇವತ್ತಿಗೆ ಮುಗೀತು. ಬುಧವಾರ ಬರಲ್ಲ."

ಕೈ ನಿಲ್ಲಿಸಿಬಿಟ್ಟೆ. ಸ್ವರ ಕುಸಿದು ನಿಂತಿತು.

"ಒತ್ರಿ."

"ಬರ್ತೀನಿ ಅನ್ನಿ. ಆಮೇಲೆ ಗಾಳಿ."

ವಾರ್ಡೆಲ್ಲ ನಮ್ಮನ್ನೇ ನೋಡುತ್ತಿತ್ತು. "ಹೂಂ ಅನ್ನಮ್ಮಾ, ಹಾಡು ಅರ್ಧಕ್ಕೆ ನಿಂತಿದೆ" ಎಂದು ಅಜ್ಜ ಗದರಿದರು. ಟೀಚರ್ ಮುಖ ಆ ಕಡೆ ತಿರುಗಿಸಿದರು. ನಾನೂ ಕೊನೆಯವರೆಗೆ ಒತ್ತಲಿಲ್ಲ. ಹಟ ಮಾಡಬಾರದಿತ್ತೇನೋ. ಮನೆಗೆ ಬಂದಾಗಿನಿಂದ ಅಳು ಬರುತ್ತಿದೆ.

ಬುಧವಾರ, 17 ಜುಲೈ, ಬೆಳಿಗ್ಗೆ

ಆಪರೇಷನ್ ಗೌನು ಹಾಕಿಸಿದ್ದಾರೆ. ತಂಗಿಯನ್ನು ಆಗಲೇ ಒಳಗೆ ಕರೆದುಕೊಂಡು ಹೋದರು. ನಮ್ಮ ವಾರ್ಡು ಕೆಳಗಿನ ಮಹಡಿಯಲ್ಲೇ. ಕಿಟಕಿ ತೆರೆಸಿಕೊಂಡು ಮಲಗಿದ್ದೇನೆ.

ಕೇಳುತ್ತಿದೆ... ಹೌದು, ಹಾರ್ಮೋನಿಯಂ. ಬಂದಿದ್ದಾರೆ! ಟೀಚರ್ ಬಂದಿದ್ದಾರೆ!

ನನ್ನ ಹಾಸಿಗೆಗೆ ಬಂದು ಒತ್ತುತ್ತಿರುವುದು ಅಜ್ಜನೇ ಇರಬೇಕು. ಗಾಳಿ ತಡವರಿಸುತ್ತಿದೆ, ಸ್ವರ ಬಿಕ್ಕುತ್ತಿದೆ. ನಿಧಾನ ಅಜ್ಜಾ, ಪೂರ್ತಿ ಬಿಟ್ಟು ಆಮೇಲೆ ಒತ್ತಬೇಕು, ಮೆಲ್ಲಗೆ...

ಸ್ಟ್ರೆಚರ್ ಬಂತು. ಇದೊಂದು ಸಾಲು ಮುಗಿಯಲಿ ಸಿಸ್ಟರ್ ಅಂದೆ, ಒಂದೇ ಒಂದು —