ಚಪ್ಪಲಿ ಮೆಟ್ಟುವ ಮೊದಲು ಹಿಡಿಯಬೇಕಿದ್ದ ಕಳ್ಳ

ಹೂಂರಾಣಿಗೆ,

ಮೊದಲೇ ಹೇಳಿಬಿಡುತ್ತೇನೆ, ನನಗೆ ಯಾವ ಆತಂಕವೂ ಇಲ್ಲ. ಈ ಕಡೆ ಏನೋ ಕೆಲಸವಿತ್ತು, ಬಂದೆ. ಬಂದವಳು ನಿನ್ನ ಪರೀಕ್ಷಾ ಕೇಂದ್ರದ ಎದುರಿನ ಜೆರಾಕ್ಸ್ ಅಂಗಡಿಯ ಬೆಂಚಿನ ಮೇಲೆ ಸುಮ್ಮನೆ ಕೂತಿದ್ದೇನೆ, ಅಷ್ಟೆ. ಅಂಗಡಿಯವನು ಹಾಳಾದ ಹಾಳೆಗಳ ಕಟ್ಟೊಂದನ್ನು ಕೊಟ್ಟಿದ್ದಾನೆ. ಒಂದು ಮಗ್ಗುಲಲ್ಲಿ ಯಾರದೋ ಮದುವೆಯ ಆಮಂತ್ರಣ ವಕ್ರವಾಗಿ ಅಚ್ಚಾಗಿದೆ, ಇನ್ನೊಂದು ಮಗ್ಗುಲಲ್ಲಿ ನಿನಗೆ ಬರೆಯುತ್ತಿದ್ದೇನೆ. ಬರೆಯದಿದ್ದರೆ ಕೈ ತಾನಾಗಿ ಬಾಯಿಗೆ ಹೋಗುತ್ತದೆ. ಅವನು ಆಗಲೇ ಕೇಳಿಯೂ ಆಯಿತು, "ಒಳಗಿರೋದು ನಿಮ್ಮ ಮಗಳಾ ಮೇಡಂ?" ಅಂತ. ಅಲ್ಲ ಅಂದೆ. "ಮತ್ತೆ ಉಗುರು ಯಾಕೆ ತಿಂತಿದೀರಿ?" ಅಂದ. ನಾನು ಕೇಳಿಸದವಳ ಹಾಗೆ ಪೆನ್ನು ಹುಡುಕತೊಡಗಿದೆ.

ವಿಷಯ ಇಷ್ಟು. ನಿನ್ನೆಯ ಪಾಠದಲ್ಲಿ ನಾನು ಬೇಕಂತಲೇ ಹೇಳಿದ ಒಂದು ಸುಳ್ಳು ನಿನ್ನ ತಲೆಯೊಳಗೇ ಉಳಿದುಬಿಟ್ಟಿದೆ. ಅದನ್ನು ಹೊರಗೆ ಎಳೆಯದೆ ನಿನ್ನನ್ನು ವಿಜ್ಞಾನದ ಪರೀಕ್ಷೆಗೆ ಕಳಿಸಿಬಿಟ್ಟೆ. ನಾನು ಎದ್ದೆನೋ ಬಿದ್ದೆನೋ ಅಂತ ಓಡಿ ಬರುವಷ್ಟರಲ್ಲಿ ಗೇಟು ಮುಚ್ಚಿತ್ತು. ಕಾವಲಿನವನ ಕೈಕಾಲು ಹಿಡಿಯುವುದೊಂದು ಬಾಕಿ. ಒಳಗಿರುವ ಹುಡುಗಿಗೆ ಒಂದೇ ಒಂದು ಪದ ಹೇಳಬೇಕಪ್ಪಾ, ಒಂದೇ ಪದ, ಹೇಳಿ ಹೋಗಿಬಿಡುತ್ತೇನೆ ಅಂತ ಬೇಡಿಕೊಂಡೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅದನ್ನೇ ಮೇಡಂ ಕಾಪಿ ಅನ್ನೋದು" ಅಂದ. ಅವನ ಮಾತಿನಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ.

ನಿನ್ನ ಅಪ್ಪ ನಿನ್ನನ್ನು ಮೊದಲ ಸಲ ಕರೆತಂದ ದಿನ ನೆನಪಿದೆಯಾ? ಇಸ್ತ್ರಿ ಅಂಗಡಿಯ ಮೇಲಿನ ನನ್ನ ರೂಮು, ಕೆಳಗಿನಿಂದ ಬರುವ ಬಿಸಿ ಬಟ್ಟೆಯ ವಾಸನೆ, ಒಂದು ಕಾಲು ಗಿಡ್ಡವಾದ ಮೇಜು, ಆ ಕಾಲಿನಡಿ ಹಳೆಯ ಅಟ್ಲಾಸ್. ಅಪ್ಪನ ಅಂಗಿಯ ತೋಳಿಗೆ ಲಿಫ್ಟಿನ ಗ್ರೀಸ್ ಮೆತ್ತಿತ್ತು. ಕುರ್ಚಿಗೆ ಹತ್ತೀತು ಅಂತ ಪಾಪ ಕೂರಲೇ ಇಲ್ಲ. "ಹೋದ ವರ್ಷ ಮೂರು ವಿಷಯ ಕೈಕೊಟ್ಟವು ಮೇಡಂ. ಶಾಲೆಯವರು ಇದರ ತಲೆಗೆ ಹತ್ತಲ್ಲ ಅಂತಾರೆ. ಇನ್ನೊಂದು ಸಲ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಇದರ ಚಿಕ್ಕಮ್ಮನ ಮನೆಗೆ ಕಳಿಸಿಬಿಡ್ತೀನಿ, ಮಕ್ಕಳನ್ನ ನೋಡ್ಕೊಂಡು ಇರ್ಲಿ" ಅಂದರು. ನಾನು ನಿನ್ನನ್ನು, ಇದು ನಿಜವೇನಮ್ಮಾ ಅಂತ ಕೇಳಿದೆ. ನೀನು "ಹೂಂ" ಅಂದೆ. ಓದಲು ಇಷ್ಟವಿದೆಯಾ ಅಂದೆ. "ಹೂಂ." ಇಷ್ಟವಿಲ್ಲವಾ ಅಂದೆ. ಅದಕ್ಕೂ "ಹೂಂ."

ನಿಜ ಹೇಳಲಾ? ಆ ಮೊದಲ ವಾರಗಳಲ್ಲಿ ನಿನ್ನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಲೆಕ್ಕ ಮಾಡಿಸಿದರೆ ಹೂಂ, ವ್ಯಾಕರಣ ಹೇಳಿದರೆ ಹೂಂ, ಯುದ್ಧ ಒಪ್ಪಂದ ರಾಸಾಯನಿಕ ಕ್ರಿಯೆ ಎಲ್ಲಕ್ಕೂ ಒಂದೇ ಹೂಂ. ಬೇರೆ ಕಡೆ ಒಂದೊಂದು ವಿಷಯಕ್ಕೆ ಒಬ್ಬೊಬ್ಬರು ಮೇಷ್ಟ್ರು. ಇಲ್ಲಿ ಎಲ್ಲದಕ್ಕೂ ನಾನೊಬ್ಬಳೇ. ಸಮಾಜದ ಟೋಪಿ ತೆಗೆದು ಗಣಿತದ ಟೋಪಿ ಹಾಕಿಕೊಳ್ಳುವುದರೊಳಗೆ ಗಂಟಲು ಒಣಗುತ್ತಿತ್ತು. ಒಂದು ಸಂಜೆ ರೇಗಿ ಹೋಗಿ, ಒಬ್ಬ ರಾಜ ತಾನು ಸತ್ತ ಮೇಲೆ ಹುಟ್ಟಿದ, ಗೊತ್ತಾಯ್ತಾ ಅಂದೆ. ನೀನು ತಲೆ ಎತ್ತದೆ "ಹೂಂ ಮಿಸ್" ಅಂದೆ, ಅಂದದ್ದಲ್ಲದೆ ಅದನ್ನು ಬರೆದುಕೊಂಡೆ. ಅಡಿಗೆರೆ ಬೇರೆ ಎಳೆದೆ!

ನಗು ಬರಬೇಕಿತ್ತು. ನಾನು ನಿನ್ನ ಪುಸ್ತಕ ಎಳೆದುಕೊಂಡು ಆ ಅಡಿಗೆರೆಯನ್ನೇ ನೋಡಿದೆ. ನಿನಗೆ ತಲೆಗೆ ಹತ್ತುವುದಿಲ್ಲ ಅನ್ನುವುದು ಶುದ್ಧ ಸುಳ್ಳು. ಎದುರಿಗಿರುವವರು ಹೇಳಿದ್ದು ತಪ್ಪಿರಬಹುದು ಅಂದುಕೊಳ್ಳಲು ನಿನಗೆ ಯಾರೂ ಅನುಮತಿಯನ್ನೇ ಕೊಟ್ಟಿರಲಿಲ್ಲ. ಅವತ್ತೇ ನಮ್ಮ ಆಟ ಶುರುವಾದದ್ದು. ಪ್ರತಿ ಪಾಠದಲ್ಲೂ ಒಂದು ಸುಳ್ಳನ್ನು ಒಳಗೆ ಬಿಡುತ್ತೇನೆ, ಅವನೇ ಕಳ್ಳ. ನೀನು ಚಪ್ಪಲಿ ಮೆಟ್ಟುವ ಮೊದಲು ಅವನನ್ನು ಹಿಡಿಯಬೇಕು. ಸಿಗದಿದ್ದರೆ ನಾನೇ ಹಿಡಿದುಕೊಡುತ್ತೇನೆ. ಕಳ್ಳನನ್ನು ತಲೆಯಲ್ಲಿಟ್ಟುಕೊಂಡು ಯಾರೂ ಮನೆಗೆ ಹೋಗುವ ಹಾಗಿಲ್ಲ.

ಮೊದಮೊದಲು ಕಳ್ಳರೆಲ್ಲ ರಾಜಾರೋಷವಾಗಿ ಓಡಾಡಿಕೊಂಡಿದ್ದರು. ಆಮೇಲೆ ಒಂದು ದಿನ ಭೂಗೋಳದಲ್ಲಿ, ನದಿ ಸಮುದ್ರದಲ್ಲಿ ಹುಟ್ಟಿ ಬೆಟ್ಟ ಸೇರುತ್ತದೆ ಅಂದೆ. ನೀನು ಪೆನ್ನಿನ ಮುಚ್ಚಳ ಕಚ್ಚುತ್ತಾ ಕೂತೆ. ಎದ್ದೆ. ಬಾಗಿಲವರೆಗೆ ಹೋದೆ. ಒಂದು ಚಪ್ಪಲಿಯೊಳಗೆ ಕಾಲು ತೂರಿಸಿ ತಿರುಗಿ, "ಮಿಸ್, ನೀರು ತಾನಾಗೇ ಮೇಲೆ ಹತ್ತಲ್ಲ... ಪಂಪ್ ಇದ್ರೆ ಬೇರೆ ಮಾತು" ಅಂದೆ. ಲಿಫ್ಟ್ ಮೆಕ್ಯಾನಿಕ್ಕಿನ ಮಗಳು! ಕೆಳಗಿನ ಇಸ್ತ್ರಿಯವನು ಏನಾಯಿತು ಅಂತ ಕೂಗಿ ಕೇಳುವಷ್ಟು ಜೋರಾಗಿ ನಾನು ಚಪ್ಪಾಳೆ ತಟ್ಟಿದ್ದೆ. ಅವತ್ತೇ ನೀನು ಹೇಳಿದ್ದು, ಪಾಲಿಟೆಕ್ನಿಕ್ ಸೇರಿ ಲಿಫ್ಟಿನ ಕೆಲಸವನ್ನು ಸರಿಯಾಗಿ ಕಲಿಯಬೇಕು, ಅಪ್ಪನಿಗೆ ಕೇಬಲ್ ಬದಲಿಸಲು ಬರುತ್ತದೆ ಆದರೆ ಲಿಫ್ಟಿನ ಬೋರ್ಡಿನ ವೈರಿಂಗ್ ಕೆಲಸ ಬಂದರೆ ಬೇರೆಯವರನ್ನು ಕರೆಯಬೇಕು, ಅದು ತನಗೆ ಸೇರುವುದಿಲ್ಲ ಅಂತ. ಅಷ್ಟು ಉದ್ದದ ಮಾತನ್ನು ನಿನ್ನ ಬಾಯಲ್ಲಿ ನಾನು ಅದೇ ಮೊದಲು ಕೇಳಿದ್ದು.

ಆ ಪಾಲಿಟೆಕ್ನಿಕ್ಕಿಗೆ ಇವತ್ತಿನ ವಿಜ್ಞಾನವೇ ಬಾಗಿಲು. ಉಳಿದ ವಿಷಯಗಳಲ್ಲಿ ನೀನು ದಾಟಿಬಿಡುತ್ತೀಯ, ಇದೊಂದರಲ್ಲಿ ಮಾತ್ರ ಯಾವಾಗಲೂ ಅಂಚಿನ ಮೇಲೇ ನಡೆಯುತ್ತೀಯ. ಒಂದು ಉತ್ತರ ಆಚೆ ಈಚೆ ಆದರೂ ಸಾಕು. ಈಗ ಗೊತ್ತಾಯಿತಲ್ಲ ನಾನು ಈ ಬೆಂಚಿನ ಮೇಲೆ ಯಾಕೆ ಕೂತಿದ್ದೇನೆ ಅಂತ. ನಡುವೆ ಎರಡು ಸಲ ಎದ್ದು ಗೇಟಿನವರೆಗೆ ಹೋಗಿಬಂದೆ. ಕಾವಲಿನವನು ನನ್ನನ್ನು ನೋಡಿದರೆ ಈಗ ಬೆನ್ನು ತಿರುಗಿಸುತ್ತಾನೆ.

ನಿನ್ನೆ ಸಂಜೆ ನಡೆದದ್ದನ್ನು ಮತ್ತೆ ಮತ್ತೆ ತಿರುವಿ ಹಾಕುತ್ತಿದ್ದೇನೆ. ಕಣ್ಣಿನ ಪಾಠ ಮುಗಿಸಿದೆವು. ಹತ್ತಿರದ್ದು ಮಾತ್ರ ಕಾಣುವವರಿಗೆ, ಅಂದರೆ ಸಮೀಪದೃಷ್ಟಿಯವರಿಗೆ, ಪೀನ ಮಸೂರದ ಕನ್ನಡಕ ಕೊಡಬೇಕು ಅಂದೆ. ನಡು ಉಬ್ಬಿದ ಮಸೂರ. ಅದೇ ನಾನು ಬಿಟ್ಟ ಕಳ್ಳ. ಕೊಡಬೇಕಾದ್ದು ನಡು ತಗ್ಗಾದ ನಿಮ್ನ ಮಸೂರ. ಆಮೇಲೆ ಗಿಡಮರಗಳ ಪಾಠಕ್ಕೆ ಹೋದೆವು. ಅಷ್ಟರಲ್ಲಿ ಭಾವನ ಫೋನು ಬಂತು, ಅಕ್ಕ ಮೆಟ್ಟಿಲಿಂದ ಜಾರಿ ಬಿದ್ದಿದ್ದಾಳೆ, ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇನೆ ಅಂತ. ಒಂದು ಕಿವಿಯಲ್ಲಿ ಭಾವ, ಒಂದು ಕಿವಿಯಲ್ಲಿ ನೀನು. ನೀನು ಬಾಗಿಲ ಹತ್ತಿರ ನಿಂತು ಹಿಗ್ಗಿನಿಂದ, "ಕಳ್ಳ ಸಿಕ್ಕಿದ ಮಿಸ್! ಬೇರಿಂದ ನೀರು ಸಾಗ್ಸೋದು ಫ್ಲೋಯಂ ಅಂದ್ರಿ, ಅದು ಕ್ಸೈಲಂ" ಅಂದೆ. ನಾನು ಫೋನು ಕಿವಿಯಿಂದ ತೆಗೆಯದೆ, ಭೇಷ್, ಹೊರಡು, ಚೆನ್ನಾಗಿ ನಿದ್ದೆ ಮಾಡು ಅಂದುಬಿಟ್ಟೆ.

ಆದರೆ ಆ ಫ್ಲೋಯಂ ನಾನು ಬಿಟ್ಟ ಕಳ್ಳನಲ್ಲ ಕಣೇ. ಅದು ನನ್ನ ಬಾಯಿ ತಪ್ಪಿ ಬಂದ ನಿಜವಾದ ತಪ್ಪು. ಹೇಳಿದ್ದು ನನಗೇ ಗೊತ್ತಿರಲಿಲ್ಲ. ನೀನು ನನ್ನ ನಿಜವಾದ ತಪ್ಪನ್ನೇ ಹಿಡಿದೆ, ಹಿಡಿದು ಇವತ್ತಿನ ಲೆಕ್ಕ ಮುಗಿಯಿತು ಅಂದುಕೊಂಡೆ. ನಾನು ಕರೆತಂದ ಕಳ್ಳ ನಿನ್ನ ಜೊತೆಯಲ್ಲೇ ಮೆಟ್ಟಿಲಿಳಿದು ಹೋದ.

ರಾತ್ರಿಯೇ ಅಕ್ಕನ ಮನೆಗೆ ಹೋಗಿ ಉಳಿದೆ. ಬೆಳಗ್ಗೆ ಅವಳು, ಕಾಲಿಗೆ ಕಟ್ಟು ಕಟ್ಟಿಸಿಕೊಂಡು ಮಲಗಿದ್ದವಳು, "ನನ್ನ ಕನ್ನಡಕ ಎಲ್ಲಿಟ್ಟೆ? ಗಡಿಯಾರವೇ ಕಾಣ್ತಿಲ್ಲ" ಅಂದಳು. ಮೂಳೆಗೇನೂ ಆಗಿಲ್ಲ, ಬಾಯಿಗಂತೂ ಮೊದಲೇ ಆಗಿಲ್ಲ. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದೆ. ಅಂಚು ದಪ್ಪ, ನಡು ತೆಳು. ಬೆರಳು ಅಲ್ಲೇ ನಿಂತಿತು. ಅಕ್ಕ ಕೈ ಚಾಚಿಕೊಂಡೇ ಇದ್ದಳು, ನಾನು ಕನ್ನಡಕವನ್ನು ಹಾಸಿಗೆಯ ಮೇಲೆ ಬಿಸಾಕಿ ಓಡಿದೆ. ನಿನ್ನ ಫೋನು ಆಫ್. ಪರೀಕ್ಷೆಯ ದಿನ ಫೋನು ಮುಟ್ಟಬೇಡ ಅಂತ ತಾಕೀತು ಮಾಡಿದವಳು ನಾನೇ. ಅಪ್ಪನಿಗೆ ಮಾಡಿದೆ, ಅವರು ಯಾವುದೋ ಕಟ್ಟಡದ ಲಿಫ್ಟಿನ ಗುಂಡಿಯೊಳಗಿದ್ದರೋ ಏನೋ, ಸಿಗ್ನಲ್ಲೇ ಇಲ್ಲ. ಬಸ್ಸು ಪ್ರತಿ ನಿಲ್ದಾಣದಲ್ಲೂ ಸಂಸಾರ ಹೂಡಿದ ಹಾಗೆ ನಿಲ್ಲುತ್ತಿತ್ತು.

ಅಂಕಕ್ಕಿಂತ ದೊಡ್ಡ ಭಯವೊಂದಿದೆ, ಅದನ್ನೂ ಬರೆದುಬಿಡುತ್ತೇನೆ. ಇಡೀ ವರ್ಷ ಕಷ್ಟಪಟ್ಟು ನಿನಗೆ ಕಲಿಸಿದ್ದು ಅನುಮಾನ ಪಡುವುದನ್ನು. ಈಗ ನನ್ನನ್ನು ನಂಬಿದ್ದಕ್ಕೇ ನೀನು ಬಿದ್ದರೆ, ಆಮೇಲೆ ನೀನು ಅನುಮಾನ ಪಡುವುದು ಯಾರನ್ನು? ನನ್ನನ್ನಾದರೆ ಪರವಾಗಿಲ್ಲ, ನಾನು ತಡೆದುಕೊಳ್ಳುತ್ತೇನೆ. ನಿನ್ನನ್ನೇ ಅನುಮಾನಿಸಿಕೊಂಡು ಚಿಕ್ಕಮ್ಮನ ಮನೆಯ ಮೂಲೆಯಲ್ಲಿ ಮತ್ತೆ ಹೂಂ ಅನ್ನುತ್ತಾ ಕೂತುಬಿಟ್ಟರೆ? ನನಗೆ ನಿಜವಾಗಿ ತಡೆಯಲಾಗದ್ದು ಅದು. ಗಂಟೆ ಹೊಡೆಯಿತು. ಬರುತ್ತಿದ್ದಾರೆ. ನೀಲಿ ಚೀಲ ಕಾಣುತ್ತಿಲ್ಲ, ನಿನ್ನ ನೀಲಿ ಚೀಲ...

ಈಗ ಸಂಜೆ. ರೂಮಿಗೆ ಬಂದು ಉಳಿದದ್ದನ್ನು ಬರೆಯುತ್ತಿದ್ದೇನೆ.

ನೀನು ಎಲ್ಲರಿಗಿಂತ ಕೊನೆಗೆ ಬಂದೆ. ನನ್ನನ್ನು ನೋಡಿ ನಗಲಿಲ್ಲ. ಪಾಪ ಹೇಗಿತ್ತೋ ಏನೋ ಅಂತ ನಾನು ಬಾಯಿ ತೆರೆಯುವ ಮೊದಲೇ, ಅಷ್ಟು ಜನರ ನಡುವೆ, "ನಿನ್ನೆ ಇಬ್ಬರಿದ್ರು" ಅಂದೆ. ನಾನು ನಿನ್ನ ಕೈ ಹಿಡಿದು ರಸ್ತೆಯ ಪಕ್ಕಕ್ಕೆ ಎಳೆದುಕೊಂಡೆ.

ಕೇಳಿದ್ದರಂತೆ, ಅದನ್ನೇ ಕೇಳಿದ್ದರಂತೆ. ನೀನು ಪೀನ ಮಸೂರ ಅಂತಲೇ ಬರೆದೆಯಂತೆ. ಚಿತ್ರ ಬರೆಯಲು ಹೊರಟರೆ ಬೆಳಕಿನ ಗೆರೆಗಳು ಕಣ್ಣಿನ ಹಿಂಪರದೆಯನ್ನು ಮುಟ್ಟುವ ಮುಂಚೆಯೇ ಸೇರುತ್ತಿದ್ದವು, ಉಬ್ಬಿದ ಮಸೂರ ಇಟ್ಟರೆ ಇನ್ನೂ ಮುಂಚೆ ಸೇರತೊಡಗಿದವು. ಅಳಿಸಿದೆ, ಮತ್ತೆ ಎಳೆದೆ, ಮತ್ತೆ ಅದೇ. "ಕೈ ತಪ್ಪಿದೆ ಅಂದ್ಕೊಂಡೆ ಮಿಸ್. ಆಮೇಲೆ ನಾನು ದಡ್ಡಿ ಅಂದ್ಕೊಂಡೆ. ಆಮೇಲೆ..." ಅಂತ ನಿಲ್ಲಿಸಿ, ನನ್ನ ಮುಖವನ್ನೇ ನೋಡುತ್ತಾ, "ಆಮೇಲೆ ಮಿಸ್ಸೇ ತಪ್ಪು ಅಂದ್ಕೊಂಡೆ" ಅಂದೆ. ಹೊಡೆದು ಹಾಕಿ ನಿಮ್ನ ಅಂತ ಬರೆದೆಯಂತೆ. ಅಷ್ಟರಲ್ಲಿ ಕೊನೆಯ ಪ್ರಶ್ನೆಗೆ ಹೊತ್ತೇ ಉಳಿಯಲಿಲ್ಲ. ಉತ್ತರ ಗೊತ್ತಿದ್ದ ಪ್ರಶ್ನೆ.

ಅದನ್ನು ಹೇಳುವಾಗ ನಿನಗೆ ಸಿಟ್ಟು ಬಂತು. "ನೀವು ಭೇಷ್ ಅಂದ್ರಿ! ಸಿಕ್ಕಿದ ಅಂತ ನಂಬಿ ಹೋದೆ ನಾನು!" ಅಂತ ರಸ್ತೆಯಲ್ಲೇ ಕೂಗಿದೆ. ಜೆರಾಕ್ಸ್ ಅಂಗಡಿಯವನು ಮೆಷಿನ್ ನಿಲ್ಲಿಸಿ ನೋಡಿದ. ನನ್ನದೇ ತಪ್ಪು, ಅಪ್ಪನ ಹತ್ತಿರ ನಾನೇ ಬಂದು ಹೇಳುತ್ತೇನೆ ಅಂದೆ. ಹೂಂ ಅನ್ನುತ್ತೀಯ ಅಂದುಕೊಂಡಿದ್ದೆ. "ಬೇಡ. ಪೇಪರ್ ನಂದು, ನಾನೇ ಹೇಳ್ತೀನಿ" ಅಂದೆ. ಬೈಸಿಕೊಂಡು ಅಷ್ಟು ಸಂತೋಷ ಪಟ್ಟವಳು ಈ ಭೂಮಿಯ ಮೇಲೆ ಬೇರೆ ಯಾರಾದರೂ ಇದ್ದಾರೋ ಇಲ್ಲವೋ, ನಾನಂತೂ ಇದ್ದೇನೆ. ನನಗೆ ಅಳು ಬಂತು, ಕರವಸ್ತ್ರ ಸಿಗಲಿಲ್ಲ, ಆಮಂತ್ರಣದ ಹಾಳೆಯಲ್ಲೇ ಮೂಗು ಒರೆಸಿಕೊಂಡೆ. ಈ ಕಾಗದದಲ್ಲಿ ಒಂದು ಪುಟ ಕಡಿಮೆ ಅನಿಸಿದರೆ ಅದಕ್ಕೇ.

ಪಾಸಾಗುತ್ತೀಯೋ ಇಲ್ಲವೋ ನನಗೆ ಗೊತ್ತಿಲ್ಲ. ಫಲಿತಾಂಶ ಬರುವವರೆಗೂ ನನಗೆ ನಿದ್ದೆಯಿಲ್ಲ. ಬಿಟ್ಟುಹೋದ ಆ ಪ್ರಶ್ನೆ ನನ್ನ ಎದೆಯ ಮೇಲೇ ಕೂತಿರುತ್ತದೆ. ಆದರೆ ಇಷ್ಟು ಮಾತ್ರ ಗೊತ್ತು: ಕೇಳಲು ಯಾರೂ ಇಲ್ಲದ ಕೋಣೆಯಲ್ಲಿ, ನೀನು ಯಾರಿಗಿಂತಲೂ ಹೆಚ್ಚು ನಂಬಿದವಳು ಹೇಳಿದ್ದು ಸುಳ್ಳು ಅಂತ ನೀನೊಬ್ಬಳೇ ಕಂಡುಹಿಡಿದೆ. ಅದನ್ನು ಕಲಿಸಲು ನನ್ನ ಹತ್ತಿರ ಪಾಠವಿರಲಿಲ್ಲ. ಪಾಲಿಟೆಕ್ನಿಕ್ಕಿಗೆ ಈ ವರ್ಷ ಹೋಗದಿದ್ದರೂ, ನಿನ್ನನ್ನು ಚಿಕ್ಕಮ್ಮನ ಮನೆಗೆ ಕಳಿಸುವುದು ಇನ್ನು ಅಷ್ಟು ಸುಲಭವಲ್ಲ. ಅಪ್ಪ ಹೇಳಿದರೂ, ನೀನು ಹೂಂ ಅನ್ನಬೇಕಲ್ಲ.

ಬಸ್ಸು ಹತ್ತುವಾಗ ನೀನು ತಿರುಗಿ, "ಇನ್ಮೇಲೆ ಕಳ್ಳ ಒಬ್ಬನೇ ಅಂತ ಹೇಳ್ಬೇಡಿ ಮಿಸ್. ಎಷ್ಟು ಜನ ಅಂತ್ಲೇ ಹೇಳ್ಬೇಡಿ" ಅಂದೆಯಲ್ಲ, ಆಗಲಿ. ನಾಳೆ ಸಮಾಜ ವಿಜ್ಞಾನದ ತಯಾರಿ, ಬೇಗ ಬಾ. ಈ ಕಾಗದವನ್ನು ಮೇಜಿನ ಮೇಲೆ ಇಟ್ಟಿರುತ್ತೇನೆ. ಇದರೊಳಗೂ ಕಳ್ಳರಿದ್ದಾರೆ. ಮೊದಲ ಸಾಲಿನಲ್ಲೇ ನಿಂತಿರುವವನನ್ನು ನೀನು ಆಗಲೇ ಹಿಡಿದಿರುತ್ತೀಯ. ಉಳಿದವರು ಎಷ್ಟು ಜನ ಅಂತ ಹೇಳುವುದಿಲ್ಲ.

ಯಾರ ಮಾತಿಗೂ, ನನ್ನ ಮಾತಿಗಂತೂ, ಸುಮ್ಮನೆ ಹೂಂ ಅನ್ನದೆ ನೂರು ಕಾಲ ಬಾಳು ತಾಯಿ.

ಇಂತಿ,
ನಿನ್ನ ಕೈಗೆ ಸಿಕ್ಕಿಬಿದ್ದ
ಮಿಸ್