ಕಾಯುವ ಕೋಣೆ

ಹುಬ್ಬಳ್ಳಿ, ಫೆಬ್ರವರಿ ಮೂವತ್ತು, ೨೧೮೭

ನಮಗಿಂತ ಮೊದಲು ಬದುಕಿದವರೇ,

ತಾರೀಖು ನೋಡಿ ನಗಬೇಡಿ. ನಮ್ಮವರು ತಿಂಗಳುಗಳನ್ನೆಲ್ಲ ಸಮ ಮಾಡಿದ್ದಾರೆ. ಆಯುಷ್ಯವನ್ನು ಸಮ ಮಾಡುವುದು ಮಾತ್ರ ಆಗಲಿಲ್ಲ. ನನ್ನ ಕೆಲವು ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನಮ್ಮನ್ನು ಕೆಡವಿದ ಪದವಂತೂ ನಿಮ್ಮದೇ, ಹಳೆಯದೇ.

ಇಲ್ಲಿ ಆಸ್ಪತ್ರೆಯಲ್ಲಿ ಮೊದಲು ಎದುರಾಗುವುದು ವೈದ್ಯರಲ್ಲ, ‘ಗುರುತುಗಣ್ಣು’. ರಕ್ತಕಣದ ಮೈಮೇಲಿನ ಪ್ರೋಟೀನುಗಳನ್ನು, ಅಂದರೆ ಕಣದ ಗುರುತುಗಳನ್ನು, ಓದುವ ಯಂತ್ರ. ಮಗುವಿನ ರಕ್ತಕ್ಯಾನ್ಸರ್ ಯಾವ ಬಗೆಯದು, ಮದ್ದಿಗೆ ಬಗ್ಗೀತೇ ಎಂದು ಅದು ಹೇಳುತ್ತದೆ. ಈ ಭವಿಷ್ಯಕ್ಕೆ ನಾವು ‘ಮುನ್ನುಡಿ’ ಎನ್ನುತ್ತೇವೆ. ನಿಮ್ಮ ಕಾಲದ ಕೆಲವು ವಿಮರ್ಶಕರಂತೆ ನಮ್ಮ ವೈದ್ಯರೂ ಮುನ್ನುಡಿ ಓದಿಯೇ ಪುಸ್ತಕ ಮುಚ್ಚಿಡುತ್ತಾರೆ.

ನನ್ನ ತಮ್ಮನ ಮಗಳು ಇಂಚರಾಗೆ ಆರು ವರ್ಷ. ಅವಳಲ್ಲಿ ಬಿಳಿ ರಕ್ತಕಣಗಳು ಮಿತಿಮೀರಿವೆ ಎಂದು ವೈದ್ಯರು ಹೇಳಿದಾಗ ಅವಳು ನನ್ನ ಕಿವಿಯಲ್ಲಿ ಉಸುರಿದಳು: “ದೊಡ್ಡಪ್ಪಾ, ಒಳಗ ಇಷ್ಟ್ ಬಿಳೇದೈತಂತ, ಮತ್ತ ನಾ ಯಾಕ ಇಷ್ಟ್ ಕರ್ರಗ ಅದೀನಿ?”

“ಕಳ್ಳರ ಹಂಗ ಒಳಗ ಅಡಗಿ ಕುಂತೈತವ್ವಾ.”

“ಹಂಗಾರ ಪೊಲೀಸರನ್ ಕರೀರಲಾ!”

ಮೊದಲ ವಾರ ಮದ್ದು ಕೊಟ್ಟರು. ಅಷ್ಟರಲ್ಲಿ ಗುರುತುಗಣ್ಣಿನ ಮುನ್ನುಡಿ ಬಂತು: ಗುರುತು ಕೆಟ್ಟದ್ದು, ಮದ್ದಿಗೆ ಬಗ್ಗದು. ಕಟುಮಾತು ಆಡಬಾರದೆಂಬುದು ಇಲ್ಲಿಯ ಕಾಯಿದೆ. ಆಸ್ಪತ್ರೆಯ ಪರವಾಗಿ ಮಾತಾಡುವ ಗೋಡೆಯ ದನಿ ನಯವಾಗಿ, ಇವಳಿಗೆ ಇನ್ನು ಕಾಯುವ ಕೋಣೆ ಎಂದಿತು.

ಇಂಚರಾಳ ತಾಯಿ ಮಂದಾಕಿನಿ ಅಂದು ಮೊದಲ ಸಲ ನಕ್ಕಳು. “ಕಾಯೂ ಕೋಣಿ ಕೊಟ್ಟಾರ ಭಾವಾರ! ಹಗಲೂ ರಾತ್ರಿ ಕಾಯ್ತಾರಂತ. ಇನ್ನೇನ್ ಅಂಜಿಕಿ?”

ಕೋಣೆ ಚೆಂದವಿತ್ತು. ಗೋಡೆಯ ಮೇಲೆ ಗಿಳಿಗಳು ಹಾರುತ್ತಿದ್ದವು, ಹೊತ್ತುಹೊತ್ತಿಗೆ ಸಿಹಿ ಗಂಜಿ ಬರುತ್ತಿತ್ತು. ಮದ್ದು ಬರಲಿಲ್ಲ. ಗಂಜಿಯಲ್ಲೇ ಬೆರೆಸಿರಬೇಕೆಂದು ಮಂದಾಕಿನಿ ತೊಟ್ಟೂ ಬಿಡದೆ ಕುಡಿಸಿದಳು. ಮಗುವಿನ ಒಸಡಿನಲ್ಲಿ ರಕ್ತ ಜಿನುಗತೊಡಗಿದಾಗ ವೈದ್ಯೆಯನ್ನು ತಡೆದು ಕೇಳಿದಳು: “ಯವ್ವಾ, ಹಿಂಗ್ಯಾಕ ಕಾಯಾಕತ್ತೀರಿ? ಮದ್ದಿನ ಕಸುವು ಹೆಚ್ಚ್ ಮಾಡ್ರಿ.”

ವೈದ್ಯೆ ತಲೆತಗ್ಗಿಸಿದರು. “ತಾಯಿ, ಇಲ್ಲಿ ಮದ್ದಿಲ್ಲ. ಇಲ್ಲಿ ಕಾಯೂದಂದ್ರ… ಮುಗಿಯೂತನಕ.”

ಮಂದಾಕಿನಿ ಕೂಗಿದ ಕೂಗಿಗೆ ಇಡೀ ಮಹಡಿ ನಿಂತಿತು. ಮೊದಲ ವಾರದ ಮದ್ದಿನ ನಂತರ ತೆಗೆದಿಟ್ಟಿದ್ದ ರಕ್ತವನ್ನು ಆಗ ಹೊರತೆಗೆದು ನೋಡಿದರು. ಕೆಟ್ಟ ಕಣಗಳು ಹೆಚ್ಚುಕಡಿಮೆ ಕರಗಿಹೋಗಿದ್ದವು. ಗುರುತು ಕೆಟ್ಟದಿತ್ತು, ಮಗು ಮದ್ದಿಗೆ ಒಲಿದಿತ್ತು. ಯಾರೂ ಎರಡನೆಯ ಸಲ ನೋಡಿರಲಿಲ್ಲ. ಮದ್ದು ಮತ್ತೆ ಶುರುವಾಯಿತು. ಆದರೆ ಬಿಟ್ಟ ದಿನಗಳಲ್ಲಿ ರೋಗ ಬಿಡುವು ತೆಗೆದುಕೊಂಡಿರಲಿಲ್ಲ. ಇಂಚರಾ ಉಳಿಯಲಿಲ್ಲ.

ಗುರುತುಗಳನ್ನು ಓದುವ ಯಂತ್ರವನ್ನು ನೀವು ಕಟ್ಟುತ್ತಿರಬಹುದು. ಕಟ್ಟಿ, ಅದು ಬೇಕು. ಆದರೆ ಅದು ಹೇಳುವುದು ಸಾವಿರ ಮಕ್ಕಳ ಮಾತು, ಮುಂದೆ ಮಲಗಿರುವುದು ಒಂದು ಮಗು. ಮದ್ದು ಕೊಟ್ಟ ಮೇಲೆ ಮತ್ತೊಮ್ಮೆ ರಕ್ತ ನೋಡಿ. ಮದ್ದು ನಿಲ್ಲಿಸುವುದಾದರೆ, ನಿಲ್ಲಿಸಿದ್ದೇವೆ ಎಂದು ತಾಯಿಯ ಮುಖ ನೋಡಿ ಹೇಳಿ. ಅವಳು ಕೂಗುತ್ತಾಳೆ. ಅಂದೇ ಕೂಗಲಿ.